ಹನ್ನೊಂದೂಕಾಲರ ಉಸಿರು

ಒಂದು ಸಂಸ್ಥೆಗೆ ಅಧ್ಯಕ್ಷನಾದವನಿಗೆ ಎದುರಾಗುವ ಮೊದಲ ಕಷ್ಟ, ದೂರು ಹೇಳಿಕೊಳ್ಳಲು ಮೇಲೆ ಯಾರೂ ಇಲ್ಲದಿರುವುದು. ಮೇಷ್ಟ್ರಾಗಿದ್ದಾಗ ನನಗೆ ಹೆಡ್ ಮಾಸ್ಟರಿದ್ದರು. ಅವರನ್ನು ಬೈದುಕೊಂಡೇ ಮೂವತ್ತೆರಡು ವರ್ಷ ಸುಖವಾಗಿ ಕಳೆದೆ. ಮನೆಯಲ್ಲಿ ಹೆಂಡತಿ ಇದ್ದಾಳಲ್ಲ ಎಂದು ನೀವು ಕೇಳಬಹುದು. ಇದ್ದಾಳೆ. ಆದರೆ ಆಕೆಯ ಬಳಿ ಆಕೆಯದೇ ದೂರುಗಳಿವೆ, ಅವುಗಳಲ್ಲಿ ಬಹುಪಾಲು ನನ್ನ ಮೇಲೆಯೇ ಇವೆ. ಹೀಗಾಗಿ ನಾನು ಸುಮಾರು ಮೂರು ತಿಂಗಳ ಕಾಲ, ತೀರಿಹೋದ ಹೆಂಗಸೊಬ್ಬರಿಗೆ ದಿನವೂ ಫೋನಿನಲ್ಲಿ ನನ್ನ ಕಷ್ಟ ತೋಡಿಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಬಾಯಲ್ಲಿ ಬರಬಾರದ ಮಾತಿದು. ಆದರೆ ಬಂದುಬಿಟ್ಟಿದೆ, ಪೂರ್ತಿ ಹೇಳಿಬಿಡುತ್ತೇನೆ.

ಬಳ್ಳಾರಿಯ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದವು. ಊರಿನ ಮೇಲೆ ಧೂಳು ಎಷ್ಟು ಸಮನಾಗಿ ಕೂರುತ್ತಿತ್ತೆಂದರೆ, ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿ ಇಳಿದುಬರುತ್ತಿತ್ತು. ನಾನು ಅಪ್ರಯತ್ನವಾಗಿ ಸನ್ಯಾಸಿಯಂತೆ ಕಾಣುತ್ತಿದ್ದೆ. ಆ ಕಾಲದಲ್ಲಿ ಎಲ್ಲರೂ ಏನಾದರೊಂದು ಆದರು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಎರಡು ಲಾರಿಗೆ ಮಾಲೀಕರಾದರು. ನಾನು ಪಾರ್ವತಿನಗರದ ಒಂದು ಸಣ್ಣ ಸೇವಾಸಂಸ್ಥೆಗೆ ಅಧ್ಯಕ್ಷನಾದೆ. ಲಾರಿಯ ಹಿಂದೆ, ಗಣಿಯ ಹಿಂದೆ ಹೋದ ಗಂಡಸರ ಮನೆಗಳಲ್ಲಿ ಉಳಿದ ಹೆಂಗಸರು ಮಕ್ಕಳಿಗೆ ನೆರವಾಗುವುದು ಆ ಸಂಸ್ಥೆಯ ಕೆಲಸ. ಮಕ್ಕಳನ್ನು ಶಾಲೆಗೆ ಸೇರಿಸುವುದು, ಮುನಿಸಿಕೊಂಡವರನ್ನು ಕೂರಿಸಿ ಮಾತಾಡಿಸುವುದು, ಹೊಲಿಗೆ ಕಲಿಸುವುದು, ಪಿಂಚಣಿಗೆ ಅರ್ಜಿ ಬರೆದುಕೊಡುವುದು. ಅಧ್ಯಕ್ಷರ ಆಯ್ಕೆಯ ಸಭೆಯಲ್ಲಿ ಎಲ್ಲರೂ ಫ್ಯಾನು ನೋಡುತ್ತಿದ್ದರು. ನಾನೊಬ್ಬ ಮಾತ್ರ ಮಿರ್ಚಿಯ ತಟ್ಟೆ ನೋಡುತ್ತಾ ತಲೆಯಾಡಿಸಿದೆ. ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು.

ನನಗೆ ಕೊಟ್ಟ ಕುರ್ಚಿ ಸರೋಜಮ್ಮನವರದು. ಸಂಸ್ಥೆ ಕಟ್ಟಿದವರು ಅವರೇ. ಒಂದು ಬೆಳಗ್ಗೆ ಅದೇ ಕುರ್ಚಿಯಲ್ಲಿ, ಫೋನಿನ ರಿಸೀವರ್ ಕಿವಿಗೆ ಹಿಡಿದುಕೊಂಡೇ ಅವರು ತೀರಿಹೋಗಿದ್ದರು. ಯಾರೋ ಎಷ್ಟೋ ಹೊತ್ತು ಆ ಕಡೆಯಿಂದ ಮಾತಾಡುತ್ತಲೇ ಇದ್ದರಂತೆ. ಬದುಕಿದ್ದಾಗ ಅವರದೊಂದು ಪದ್ಧತಿಯಿತ್ತು. ರಾರಾವಿಗೋ ದೇಶನೂರಿಗೋ ಮನೆ ಭೇಟಿಗೆ ಹೋದ ದಿನ, ಬೆಳಗ್ಗೆ ಹನ್ನೊಂದು ಗಂಟೆ ಕಳೆದ ಮೇಲೆ ಅಲ್ಲಿಂದ ಆಫೀಸಿಗೆ ಫೋನು ಮಾಡುತ್ತಿದ್ದರು. ಮಾಡಿ ಮಾತಾಡುತ್ತಿರಲಿಲ್ಲ. ಸುಮ್ಮನೆ ಕಿವಿಗೊಟ್ಟು, ಒಳಗೆ ಕೆಲಸ ನಡೆಯುತ್ತಿದೆಯೋ ಹರಟೆ ನಡೆಯುತ್ತಿದೆಯೋ ತಿಳಿದುಕೊಂಡು ಇಟ್ಟುಬಿಡುತ್ತಿದ್ದರು. ಇದನ್ನು ನನಗೆ ಹೇಳಿದವರು ಗಂಗಮ್ಮ. ಸಂಸ್ಥೆಯ ಅತ್ಯಂತ ಹಳೆಯ ಕಾರ್ಯಕರ್ತೆ. ಯಾವ ಊರಿನ ಯಾವ ಓಣಿಯಲ್ಲಿ ಯಾರ ಮಗುವಿಗೆ ಕೆಮ್ಮಿದೆ ಎಂಬುದು ಆಕೆಗೆ ಗೊತ್ತು. ಅಧ್ಯಕ್ಷನಿಗೆ ಏನು ಗೊತ್ತಿಲ್ಲ ಎಂಬುದು ಇನ್ನೂ ಚೆನ್ನಾಗಿ ಗೊತ್ತು.

ನಾನು ಬಂದ ಮೂರನೇ ವಾರ, ಹನ್ನೊಂದೂಕಾಲಕ್ಕೆ ಫೋನು ರಿಂಗಾಯಿತು. ಗಂಗಮ್ಮ ಎತ್ತಿಕೊಂಡು "ಹಲೋ" ಎಂದರು. ಮತ್ತೊಮ್ಮೆ "ಹಲೋ" ಎಂದರು. ಆಮೇಲೆ ಮುಖದ ಬಣ್ಣ ಹೋಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಿಂತೇ ಹೇಳತೊಡಗಿದರು: "ಎಲ್ಲಾರೂ ಬಂದಾರ್ರೀ ಅಮ್ಮಾ. ಮಿಷಿನ್ ಐದೂ ನಡದಾವು. ದೇಶನೂರಿನ ಎರಡು ಹುಡುಗ್ರನ್ನ ಸಾಲಿಗೆ ಹಚ್ಚಿ ಬಂದೀನ್ರಿ." ಪಕ್ಕದ ಹಜಾರದಲ್ಲಿ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು. ಮರುದಿನ ಅದೇ ಹೊತ್ತಿಗೆ ಮತ್ತೆ ಫೋನು. ಅದರ ಮರುದಿನವೂ. ಭಾನುವಾರ ಬಿಟ್ಟು ಎಲ್ಲ ದಿನ, ಹನ್ನೊಂದೂಕಾಲಕ್ಕೆ ಬರುತ್ತಿತ್ತು, ಸರಿಯಾಗಿ ಮೂರು ನಿಮಿಷಕ್ಕೆ ಕಟ್ಟಾಗುತ್ತಿತ್ತು.

ನಾನು ನಕ್ಕೆ. "ಗಂಗಮ್ಮ, ನಂಬರ್ ತೋರಿಸೋ ಡಬ್ಬಿ ಬಂದಾವ, ಒಂದು ಹಾಕಿಸೋಣ" ಎಂದೆ. "ಸತ್ತೋರಿಗೆ ನಂಬರ್ ಇರ್ತೈತೇನ್ರಿ ಸರ?" ಎಂದರು ಆಕೆ. ನಾಲ್ಕನೇ ದಿನ, ವಿಜ್ಞಾನದ ಮರ್ಯಾದೆ ಉಳಿಸಲು ನಾನೇ ಎತ್ತಿಕೊಂಡೆ. ಮಾತಿಲ್ಲ. ಉಸಿರಾಟ ಮಾತ್ರ ಇತ್ತು. ನಿಧಾನವಾದ, ತಡೆದು ತಡೆದು ಬಿಡುವ ಉಸಿರು. ಅದರ ಹಿಂದೆ ಇನ್ನೊಂದು ಸಪ್ಪಳ. ನೀರಿನದಲ್ಲ, ಗಾಳಿಯದಲ್ಲ, ನೆಲದೊಳಗೆ ಬಹಳ ದೊಡ್ಡದೊಂದು ಪ್ರಾಣಿ ಮಲಗಿ ಗೊರಕೆ ಹೊಡೆದಂತೆ ಒಂದೇ ಸಮನೆ ಗುಯ್ಯೆನ್ನುತ್ತಿತ್ತು. ಚಳಿಗೆ ಮೈಮೇಲಿನ ರೋಮ ಏಕೆ ನಿಲ್ಲುತ್ತದೆಂದು ಎಷ್ಟೋ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಮೇ ತಿಂಗಳ ಬಳ್ಳಾರಿಯಲ್ಲಿ, ಬೆಳಗಿನ ಹನ್ನೊಂದೂಕಾಲಕ್ಕೆ ಏಕೆ ನಿಲ್ಲುತ್ತದೆ ಎಂಬುದು ಪಠ್ಯಪುಸ್ತಕದಲ್ಲಿರಲಿಲ್ಲ. ರಿಸೀವರ್ ಇಟ್ಟ ಮೇಲೂ ಕಿವಿಯಲ್ಲಿ ಆ ಉಸಿರು ಉಳಿದಿತ್ತು. ಊಟಕ್ಕೆ ಕೂತಾಗ ಹೆಂಡತಿ, "ಯಾಕ್ರಿ, ಕಿವಿ ಅಷ್ಟು ಉಜ್ಜಿಕೊಳ್ಳಾಕ ಹತ್ತೀರಿ?" ಎಂದಳು.

ಎರಡು ವಾರ ಫೋನನ್ನು ಗಂಗಮ್ಮನಿಗೇ ಬಿಟ್ಟೆ. ಒಂದು ದಿನ ಆಕೆ ಮನೆ ಭೇಟಿಗೆ ಹೋಗಿದ್ದರು. ಫೋನು ರಿಂಗಾಯಿತು, ನಾನೇ ಎತ್ತಬೇಕಾಯಿತು. ಅದೇ ಉಸಿರು. ಹೆದರಿದವರು ಕೆಲವರು ದೇವರ ನಾಮ ಹೇಳುತ್ತಾರೆ, ಕೆಲವರು ಶಿಳ್ಳೆ ಹಾಕುತ್ತಾರೆ. ನಾನು ಮೇಷ್ಟ್ರು, ಮಾತಾಡಲು ಶುರುಮಾಡಿದೆ. "ಸರೋಜಮ್ಮನವರೇ, ಕುರ್ಚಿ ಏನೋ ಬಿಟ್ಟುಹೋದಿರಿ. ಇದರಲ್ಲಿ ಕೂರುವುದು ಹೇಗೆಂದು ಹೇಳಿಹೋಗಲಿಲ್ಲ" ಎಂದು ಆರಂಭಿಸಿದವನು ಮೂರು ನಿಮಿಷ ನಿಲ್ಲಿಸಲಿಲ್ಲ. ಆಶ್ಚರ್ಯವೆಂದರೆ ಆಮೇಲೆ ಎದೆ ಹಗುರಾಯಿತು. ಮರುದಿನ ನಾನಾಗಿಯೇ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡೆ. ನನ್ನ ಮೊಣಕಾಲಿನ ನೋವು ಹೇಳಿದೆ. ಗಂಗಮ್ಮನ ದರ್ಬಾರು ಹೇಳಿದೆ: "ಅಧ್ಯಕ್ಷ ನಾನೋ ಆಕೆಯೋ ತಿಳಿಯುತ್ತಿಲ್ಲ, ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲೂ ಧೈರ್ಯವಿಲ್ಲ." ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೂ ಪ್ರತಿದಿನ ರಿಸೀವರ್ ಎತ್ತುತ್ತಿದ್ದೆ. ನಂಬರಿನ ಡಬ್ಬಿಯ ಮಾತನ್ನು ಮತ್ತೆ ನಾನು ಎತ್ತಲಿಲ್ಲ. ಅಧ್ಯಕ್ಷನ ಮಾತನ್ನು ಮೂರು ನಿಮಿಷ ಪೂರ್ತಿ ಕೇಳುವವರು ಬದುಕಿದ್ದವರಲ್ಲಿ ಒಬ್ಬರೂ ಇರಲಿಲ್ಲ.

ಈಗ ಮಾಬುನ್ನಿಯ ವಿಷಯಕ್ಕೆ ಬರುತ್ತೇನೆ. ಕುರುಗೋಡಿನಿಂದ ದಿನಾ ಬಸ್ಸಿಗೆ ಬಂದು ನಮ್ಮಲ್ಲಿ ಹೊಲಿಗೆ ಮಾಡುತ್ತಿದ್ದಳು. ಮೂವತ್ತರ ಹೆಂಗಸು, ಮಾತು ಕಡಿಮೆ. ನನ್ನ ಬಾಗಿಲಿಗೆ ಹತ್ತಿರದ, ಸಾಲಿನ ಕೊನೆಯ ಮಿಷಿನ್ ಅವಳದು. ಅದಕ್ಕೆ ಮಾತ್ರ ಎರಡು ಸುತ್ತಿಗೊಮ್ಮೆ 'ಟಕ್' ಎನ್ನುವ ರೋಗವಿತ್ತು. ಅವಳ ಗಂಡ ಕಾಸಿಂ ಅದಿರಿನ ಲಾರಿ ಓಡಿಸುತ್ತಿದ್ದ. ಒಂದೂವರೆ ವರ್ಷದ ಹಿಂದೆ ಬ್ರೇಕು ಹಿಡಿಯದೆ ಲಾರಿ ಹಳೆಯ ಗಣಿಯ ಹೊಂಡಕ್ಕೆ ಬಿತ್ತು. ಕ್ರೇನು ತಂದು ಲಾರಿ ಎತ್ತಿದರು. ಬಾಗಿಲು ತೆರೆದಿತ್ತು, ಕಾಸಿಂ ಇರಲಿಲ್ಲ. ಹೊಂಡದ ನೀರು ರಕ್ತದಂತೆ ಕೆಂಪು. ಇಳಿದವರಿಗೆ ತಮ್ಮ ಕೈಯೇ ಕಾಣಲಿಲ್ಲವಂತೆ. ಸತ್ತ ಎಂದಿತು ಊರು. ಓಡಿಹೋದ ಎಂದರು ಲಾರಿಯವರು. ಮಾಬುನ್ನಿ ಏನೂ ಅನ್ನಲಿಲ್ಲ. ಅವಳಿಗೆ ವಿಧವಾ ವೇತನ ಕೊಡಿಸಲು ನಾನು ಓಡಾಡುತ್ತಿದ್ದೆ. ಹೆಣವಿಲ್ಲದ ಸಾವಿಗೆ ಏಳು ವರ್ಷ ಕಾಯಬೇಕು ಎಂದರು. ಕೊನೆಗೆ ಒಬ್ಬ ಗುಮಾಸ್ತರು ಹತ್ತಿರದ ದಾರಿ ತೋರಿಸಿದರು. ಗಂಡ ಸತ್ತಿದ್ದಾನೆಂದು ಹೆಂಡತಿಯೇ ಬರೆದು ಸಹಿ ಹಾಕಿದರೆ ಮುಂದೆ ಏನಾದರೂ ಮಾಡಬಹುದಂತೆ. ನಾನು ಕಾಗದ ಬರೆದು ತಯಾರು ಮಾಡಿದೆ. ಅವಳು ಸಹಿ ಹಾಕಲಿಲ್ಲ. "ನೋಡೋಣ ತಡೀರಿ ಸರ" ಎಂದಳು, ವಾರಗಟ್ಟಲೆ.

ಆ ದಿನಗಳಲ್ಲೇ ಒಂದು ಸಂಜೆ ಬಾಗಿಲು ಹಾಕುವಾಗ ಅವಳ ಮಿಷಿನ್ ಕೆಳಗೆ ಒಂದು ಮಾರು ಬಿಳಿ ಬಟ್ಟೆ ಬಿದ್ದಿತ್ತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಬಟ್ಟೆಯ ತುಂಬ ಸಾಲುಸಾಲಾಗಿ ಸೂಜಿಯ ತೂತುಗಳು. ನೂರಾರು ಸಾಲು, ಒಂದೂ ವಕ್ರವಿಲ್ಲ. ದಾರ ಮಾತ್ರ ಎಲ್ಲೂ ಇಲ್ಲ. ಗಂಟೆಗಟ್ಟಲೆ ಕೂತು ಏನನ್ನೂ ಹೊಲಿಯದೆ ಹೊಲಿದಿದ್ದಳು. ಸಣ್ಣ ಸಣ್ಣ ತೂತುಗಳಿಂದ ಸಂಜೆಯ ಬಿಸಿಲು ನನ್ನ ಅಂಗಿಯ ಮೇಲೆ ಚುಕ್ಕೆಚುಕ್ಕೆಯಾಗಿ ಬಿತ್ತು. ನಾನು ಬಟ್ಟೆಯನ್ನು ಇದ್ದಲ್ಲೇ ಇಟ್ಟು, ಸ್ವಲ್ಪ ವೇಗವಾಗಿಯೇ ಮನೆಗೆ ನಡೆದೆ.

ಮರುದಿನ ಫೋನಿಗೆ ಹೇಳಿದೆ: "ಆ ಕುರುಗೋಡಿನ ಹುಡುಗಿಗೆ ತಲೆ ಕೆಡುತ್ತಿದೆ, ಸರೋಜಮ್ಮನವರೇ. ಎಲ್ಲ ಆ ಕಾಸಿಂನಿಂದ. ಬದುಕಿದ್ದರೆ ಮನುಷ್ಯ ಮನೆಗೆ ಬರಬೇಕು, ಸತ್ತಿದ್ದರೆ ಹೆಣವಾದರೂ ಸಿಗಬೇಕು. ಇವನದು ಎರಡೂ ಇಲ್ಲ. ನಿಮ್ಮ ಕಡೆಗೇನಾದರೂ ಬಂದಿದ್ದಾನೆಯೇ, ಸ್ವಲ್ಪ ವಿಚಾರಿಸಿ ನೋಡಿ." ಆ ಕಡೆಯ ಉಸಿರು ನಿಂತುಹೋಯಿತು. ಗೊರಕೆಯಂಥ ಸಪ್ಪಳವೊಂದೇ ಉಳಿಯಿತು. ಆಮೇಲೆ 'ಟಣ್' ಎಂದು ಏನೋ ಬಿದ್ದ ಸದ್ದು. ಮೂರು ನಿಮಿಷ ಕಳೆದರೂ ಫೋನು ಕಟ್ಟಾಗಲಿಲ್ಲ. ಪರಲೋಕದಲ್ಲೂ ಒಂದು ರೂಪಾಯಿ ಹಾಕಿದರೇನೇ ಮಾತು ಮುಂದುವರಿಯುವುದೇನೋ ಎಂದುಕೊಂಡೆನೇ ಹೊರತು, ಅದು ಕಾಯಿನ್ ಬೂತಿನ ಸದ್ದು ಎಂದು ವಿಜ್ಞಾನ ಮೇಷ್ಟ್ರಿಗೆ ಹೊಳೆಯಲಿಲ್ಲ.

ಹೇಗೂ ಅಧ್ಯಕ್ಷ ತಾನೇ, ಗಟ್ಟಿಯಾಗಿರಬೇಕು ಎಂದು ಅಂದು ಮಧ್ಯಾಹ್ನ ಮಾಬುನ್ನಿಯನ್ನು ಕರೆದು, "ನೋಡಮ್ಮ, ನಾಳೆ ಸಹಿ ಹಾಕಲಿಲ್ಲಂದ್ರ ನಿನ್ನ ಫೈಲು ಮುಚ್ಚಿಬಿಡ್ತೀನಿ" ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಫೋನು ನೋಡುತ್ತಾ "ಆತ್ರಿ" ಎಂದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೆಂಪು ನೀರಿನ ಆ ಹೊಂಡ ಕುರುಗೋಡಿನಿಂದ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಿದ್ದೆ. ಬೇಡದ ಲೆಕ್ಕ ಅದು, ಆದರೂ ಹಾಕುತ್ತಿದ್ದೆ.

ಮೂರನೇ ದಿನ ಹನ್ನೊಂದೂಕಾಲಕ್ಕೆ ಫೋನು ಎತ್ತಿದೆ. ಮಾತಾಡುವ ಮನಸ್ಸಿರಲಿಲ್ಲ, ಸುಮ್ಮನೆ ಹಿಡಿದುಕೊಂಡು ಕೂತೆ. ಹಜಾರದಲ್ಲಿ ನಾಲ್ಕು ಮಿಷಿನ್ ಓಡುತ್ತಿದ್ದವು. ಆಗ ಉಸಿರು ಮಾತಾಡಿತು.

"ಕೊನೀ ಮಿಷಿನ್ ಸಪ್ಪಳ ಇಲ್ಲಲ್ರಿ. ಆಕಿ ಇವತ್ತೂ ಬಂದಿಲ್ಲೇನ್ರಿ?"

ಗಂಡಸಿನ ದನಿ. ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು. ರಿಸೀವರ್ ನನ್ನ ಕೈಯಿಂದ ಜಾರಿ ಮೇಜಿನ ಅಂಚಿನಲ್ಲಿ ನೇತಾಡಿತು. ನೇತಾಡುತ್ತಲೇ ಅದು "ಹಲೋ, ಸರ, ಹಲೋ" ಎನ್ನುತ್ತಿತ್ತು. ಗಂಗಮ್ಮ ಓಡಿಬಂದು ಕಿವಿಗಿಟ್ಟುಕೊಳ್ಳುವಷ್ಟರಲ್ಲಿ ಕಟ್ಟಾಗಿತ್ತು. ನಾನು ಕೇಳಿದ್ದನ್ನು ಹೇಳಿದೆ. ಆಕೆ, "ಹಂಗಾರ ಇಷ್ಟು ದಿನ ನಾ ವರದಿ ಕೊಟ್ಟಿದ್ದು ಯಾರಿಗ್ರೀ?" ಎಂದರು. ಮತ್ತೆ ತಾವೇ, "ನಡೀರಿ ಸರ, ಮೊದಲ ಕುರುಗೋಡಿಗೆ ಹೋಗೂಣು" ಎಂದು ಚೀಲ ಹೆಗಲಿಗೇರಿಸಿದರು.

ಸಿಕ್ಕ ಮೊದಲ ಬಸ್ಸು ಹತ್ತಿದೆವು. ಆ ದನಿ ಸತ್ತವನದೋ ಬದುಕಿದವನದೋ ಎಂಬ ಪ್ರಶ್ನೆಗಿಂತ, ಹುಡುಗಿ ಮನೆಯಲ್ಲಿದ್ದಾಳೋ ಇಲ್ಲವೋ ಎಂಬುದೇ ಎದೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಕುರುಗೋಡಿನ ಬಂಡೆಗುಡ್ಡ ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. ಓಣಿಯ ಕೊನೆಯ ಮನೆಯ ಹೊಸ್ತಿಲಲ್ಲಿ ಮಾಬುನ್ನಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಅದು ಧೂಳಿನಿಂದ ಎಂದು ಗಂಗಮ್ಮನಿಗೆ ಹೇಳಿದೆ. ನಡೆದದ್ದನ್ನು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ತಯಾರಿ ಮಾಡಿದ್ದೆ. ಎರಡು ವಾಕ್ಯ ಹೇಳುವಷ್ಟರಲ್ಲಿ ಅವಳು ಕೈಯ ಮೊರ ಕೆಳಗಿಟ್ಟಳು.

"ಬಾಯಿ ಬಿಟ್ನೇನ್ರಿ?" ಎಂದಳು.

ಅವಳಿಗೆ ಗೊತ್ತಿತ್ತು. ಎರಡು ತಿಂಗಳಿಂದ ಗೊತ್ತಿತ್ತು. ಒಂದು ದಿನ ನಾನೂ ಗಂಗಮ್ಮನೂ ಇಲ್ಲದಾಗ ಅವಳೇ ಫೋನು ಎತ್ತಿದ್ದಳಂತೆ. "ಹತ್ತು ವರ್ಷ ಬಾಜೂಕ ಮಲಗಿದವನ ಉಸಿರು ಗುರ್ತು ಹತ್ತಂಗಿಲ್ಲೇನ್ರಿ ಸರ? ನಾ ಹಲೋ ಅಂದಕೂಡ್ಲೆ ಇಟ್ಟುಬಿಟ್ಟ. ಮರುದಿನ ಮತ್ತ ಮಾಡಿದ. ನನ್ನ ಮಿಷಿನ್ ಟಕ್ ಅಂತೈತಂತ ಅಂವಗ ಮೊದಲಿಂದ ಗೊತ್ತು, ಅದರ ಸಪ್ಪಳ ಕೇಳಾಕ ಮಾಡ್ತಾನಂತ ತಿಳೀತು. ಕೆಲಸ ಇರ್ಲಿ ಬಿಡ್ಲಿ, ಆ ಹೊತ್ತಿಗೆ ದಾರ ಇಲ್ದ ಬರೇ ಸೂಜಿನಾದ್ರೂ ತುಳೀತಿದ್ದೆ."

"ನಮಗ್ಯಾಕ ಹೇಳಲಿಲ್ಲಮ್ಮ?" ಎಂದೆ.

"ಹೇಳಿದ್ರ ನೀವು ಗದ್ದಲ ಮಾಡ್ತಿದ್ರಿ. ಗದ್ದಲ ಮಾಡಿ ಕೋಳಿ ಹಿಡಿಯಾಕ ಆಗ್ತೈತೇನ್ರಿ? ಅಂವ ಮತ್ತ ಓಡತಿದ್ದ." ಮೊರ ಮತ್ತೆ ಎತ್ತಿಕೊಂಡು ಅಂದಳು: "ಉಸಿರು ಕೇಳಿಸ್ಕೊಂಡ ಮ್ಯಾಲೆ ಸತ್ತಾನಂತ ಹೆಂಗ ಸಹಿ ಹಾಕ್ಲಿ? ನೀವು ಫೈಲು ಮುಚ್ತೀನಿ ಅಂದ್ರಲ್ಲ, ಇನ್ನ ತಡ ಮಾಡಬಾರದು ಅನ್ನಿಸ್ತು. ಮೂರು ದಿನ ಸಪ್ಪಳ ಕೇಳಲಿಲ್ಲಂದ್ರ ಬಾಯಿ ಬಿಡ್ತಾನಂತ ಗೊತ್ತಿತ್ತು. ಅದಕ್ಕ ಬರಲಿಲ್ಲ."

ನಾಯಕತ್ವದ ಬಗ್ಗೆ ಸಂಸ್ಥೆಯ ಖರ್ಚಿನಲ್ಲಿ ನಾನು ಎರಡು ದಿನದ ತರಬೇತಿ ಪಡೆದಿದ್ದೆ. ಅಲ್ಲಿ ಇಷ್ಟು ಹೇಳಿಕೊಟ್ಟಿರಲಿಲ್ಲ.

ಮರುದಿನ ಹನ್ನೊಂದೂಕಾಲಕ್ಕೆ ಮಾಬುನ್ನಿ ನನ್ನ ಕುರ್ಚಿಯಲ್ಲಿ ಕೂತು ಫೋನು ಎತ್ತಿದಳು. ಹಜಾರದಲ್ಲಿ ಎಲ್ಲ ಮಿಷಿನ್ ನಿಂತಿದ್ದವು. ಅವಳು ಮೊದಲು ಉಸಿರು ಕೇಳಿಸಿಕೊಂಡಳು. ಕೊನೆಗೆ, "ಎಲ್ಲಿ ಅದೀ?" ಎಂದಳು. ಉತ್ತರ ಕೇಳಿಸಿಕೊಂಡು, "ಅಲ್ಲೇ ನಿಂದ್ರು" ಎಂದು ಇಟ್ಟಳು.

ಸಿರುಗುಪ್ಪದ ಒಂದು ಅಕ್ಕಿ ಗಿರಣಿ. ನಾವು ಮೂವರೂ ಬಸ್ಸಿಳಿದು ಗೇಟಿನ ಹತ್ತಿರ ಹೋಗುತ್ತಿದ್ದಂತೆ ಆ ಗೊರಕೆ ಕೇಳಿಸಿತು. ಮೂರು ತಿಂಗಳು ನನ್ನ ಕಿವಿಯೊಳಗೆ ಮಲಗಿದ್ದ ಪ್ರಾಣಿ ಇಲ್ಲಿ ತಗಡಿನ ಮಾಡಿನ ಕೆಳಗೆ ಭತ್ತ ಅರೆಯುತ್ತಿತ್ತು. ಸದ್ದೇನೆಂದು ತಿಳಿದ ಮೇಲೂ ನಾನು ಗಂಗಮ್ಮನ ಬೆನ್ನ ಹಿಂದೆಯೇ ನಡೆದೆ. ಒಳಗೆ ತೌಡಿನ ಧೂಳು ಮಂಜಿನ ಹಾಗೆ ತೇಲುತ್ತಿತ್ತು. ಆ ಮಂಜಿನೊಳಗಿಂದ ಒಬ್ಬ ಮನುಷ್ಯ ನಡೆದುಬಂದ. ಅಡಿಯಿಂದ ಮುಡಿಯವರೆಗೆ ಬೆಳ್ಳಗಿದ್ದ. ಕೂದಲು, ಹುಬ್ಬು, ಕಣ್ಣ ರೆಪ್ಪೆ ಕೂಡ. ಕಣ್ಣೆರಡು ಮಾತ್ರ ಕಪ್ಪು. ಕೆಂಪು ಊರಿನಿಂದ ಬಂದ ನಾವು ಮೂವರು, ಬಿಳಿಯ ಅವನೊಬ್ಬ. ಗಂಗಮ್ಮ ನನ್ನ ತೋಳು ಹಿಡಿದುಕೊಂಡರು. ನಾನೂ ಅವರ ತೋಳು ಹಿಡಿದುಕೊಂಡೆ.

ಮಾಬುನ್ನಿ ಮುಂದೆ ಹೋದಳು. ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು. ಹಣೆ ಒರೆಸಿದಳು. ಮನುಷ್ಯನ ಬಣ್ಣ ಬರುವವರೆಗೆ ಒರೆಸಿದಳು. ಖಾತ್ರಿಯಾದ ಮೇಲೆ ಅದೇ ಕೆನ್ನೆಗೆ ಒಂದು ಬಾರಿಸಿದಳು. ಕೂದಲಿನ ಬಿಳಿಯ ಧೂಳು ಹಾರಿತು. "ಮಾಲೀಕ ಕೊಂದೇಬಿಡ್ತಾನಂತ ಅಂಜಿ ಜಿಗಿದು ಓಡಿದೆ. ಹೊಸಾ ಗಾಡಿ ಮುಳುಗಿಸಿದ್ದೆ. ಮನಿಗೆ ಬಂದ್ರ ನಿನ್ನನ್ನೂ ಬಿಡಂಗಿಲ್ಲಂತ..." ಎಂದು ಅವನು ಅಳತೊಡಗಿದ. ಅತ್ತಂತೆ, ಒರೆಸದೆ ಉಳಿದ ಕೆನ್ನೆಯ ಮೇಲೆ ಒಂದು ಗೀರು ಮೂಡಿತು. "ನನಗ ಒಂದು ಮಾತು ಹೇಳಿ ಅಂಜಬೇಕಿತ್ತು" ಎಂದಳು ಅವಳು.

ಅಳು ನಿಂತ ಮೇಲೆ ಕಾಸಿಂ ನನ್ನ ಕಡೆ ತಿರುಗಿ ಕೈಮುಗಿದ. "ನೀವ ಅಧ್ಯಕ್ಷರಲ್ರಿ? ದನಿ ಮ್ಯಾಲೆ ಗುರ್ತು ಹತ್ತಿತು. ಮೊಣಕಾಲು ಈಗ ಹೆಂಗೈತ್ರಿ ಸರ?" ಎಂದ. ಆಮೇಲೆ ಗಂಗಮ್ಮನನ್ನು ನೋಡಿ ಭಕ್ತಿಯಿಂದ, "ನೀವು ಗಂಗಮ್ಮ ಅಕ್ಕಾರು. ನಿಮ್ಮ ಉಪ್ಪಿಟ್ಟಿನ ವಿಚಾರಾನೂ ಸರ ಹೇಳ್ಯಾರ್ರಿ" ಎಂದ. ಗಂಗಮ್ಮ ಹಿಡಿದಿದ್ದ ನನ್ನ ತೋಳು ಬಿಟ್ಟರು. ಸಿರುಗುಪ್ಪದಿಂದ ಬಳ್ಳಾರಿಯವರೆಗೆ ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡಿದರೇ ಹೊರತು ನನ್ನನ್ನು ನೋಡಲಿಲ್ಲ.

ಆ ಲಾರಿಯ ಮಾಲೀಕರನ್ನು ಕಾಣಲು ನಾನೇ ಹೋದೆ. ಸಂಧಾನದ ಮಾತುಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವರು ಹೊಸ ಬಂಗಲೆಯ ಜಗುಲಿಯಲ್ಲಿ ಕೂತಿದ್ದರು. "ಯಾವ ಕಾಸಿಂ ರೀ?" ಎಂದರು. ನೆನಪು ಮಾಡಿಕೊಟ್ಟೆ. "ಓ, ಆ ಗಾಡಿನಾ? ಅದಕ್ಕ ಇನ್ಶೂರೆನ್ಸ್ ಬಂತಲ್ರಿ. ಆಮ್ಯಾಲೆ ಮೂರು ತಗೊಂಡೆ" ಎಂದು ಚಹಾ ತರಿಸಿದರು. ಒಬ್ಬ ಮನುಷ್ಯ ಒಂದೂವರೆ ವರ್ಷ ಸತ್ತು ಬದುಕಿದ್ದು, ತನ್ನ ಹೆಸರೇ ನೆನಪಿಲ್ಲದವನ ಭಯಕ್ಕೆ. ಇಡೀ ಪ್ರಕರಣದಲ್ಲಿ ನನಗೆ ನಿಜವಾಗಿ ಭೂತ ಕಂಡಂತಾದದ್ದು ಆ ಜಗುಲಿಯಲ್ಲಿ. ಚಹಾ ಅಲ್ಲೇ ಬಿಟ್ಟು ಎದ್ದುಬಂದೆ.

ಕಾಸಿಂ ಮನೆಗೆ ಬಂದ. ಮತ್ತೆ ಲಾರಿ ಹತ್ತಬಾರದು, ಹೇಳದೆ ಹೊರಗೆ ಕಾಲಿಡಬಾರದು ಎಂಬ ಷರತ್ತು ಹಾಕಿ ಮಾಬುನ್ನಿ ಒಳಗೆ ಬಿಟ್ಟುಕೊಂಡಳು. ಷರತ್ತುಗಳನ್ನು ನಾನು ಚೆಂದದ ಭಾಷೆಯಲ್ಲಿ ಬರೆದುಕೊಡುತ್ತೇನೆಂದೆ, ಬೇಡವೆಂದಳು. ಒಂದು ತಿಂಗಳ ಮೇಲೆ ಇಬ್ಬರೂ ಆಫೀಸಿಗೆ ಬಂದರು. ಗಂಗಮ್ಮ ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು. ನನ್ನದರಲ್ಲಿ ಉಪ್ಪೇ ಇರಲಿಲ್ಲ. ತಿನ್ನುತ್ತಾ ನಾನು, ಹಿರಿಯನಾದವನು ಕೇಳಬೇಕಾದದ್ದನ್ನು ಗಂಭೀರವಾಗಿ ಕೇಳಿದೆ: "ಅಲ್ಲಪ್ಪ ಕಾಸಿಂ, ಹೆಂಡತಿ ಬ್ಯಾಡ, ನನ್ನ ಕೂಡನಾದ್ರೂ ಮಾತಾಡಬಹುದಿತ್ತಲ್ಲ? ಮೂರು ತಿಂಗಳಾಗ ಒಂದು ಮಾತು ಬಾಯಿಂದ ಬರಲಿಲ್ಲೇನು?"

ಅವನು ತಟ್ಟೆ ಕೆಳಗಿಟ್ಟು, ಬಹಳ ಸಂಕೋಚದಿಂದ ಹೇಳಿದ: "ಬಂದಿತ್ರಿ ಸರ. ನೀವು ಮೊದಲನೇ ಸಲ ಮಾತಾಡಿದ ದಿನಾನ ಎಲ್ಲಾ ಹೇಳಿಬಿಡಬೇಕಂತ ಗಟ್ಟಿ ಮನಸು ಮಾಡಿ ಫೋನ್ ಹಚ್ಚಿದ್ದೆ. ಆಮ್ಯಾಲೂ ದಿನಾ ಹಚ್ಚತಿದ್ದೆ. ನೀವು ಉಸಿರು ತಗೊಳ್ಳಾಕ ನಿಂತ್ರ ಹೇಳೋಣು ಅಂತ ಕಾಯ್ತಿದ್ದೆ. ನೀವು ನಿಂದರಲೇ ಇಲ್ಲ, ಒಂದು ರೂಪಾಯಿ ಮುಗದು ಹೋಗ್ತಿತ್ತು."

ಅದಕ್ಕೆ ನನ್ನ ಹತ್ತಿರ ವಿವರವಾದ ಉತ್ತರವಿತ್ತು. ಹೇಳಲೆಂದು ಬಾಯಿ ತೆರೆದೆ. ಮಾಬುನ್ನಿ ನನ್ನ ಮುಖ ನೋಡಿದಳು, ಗಂಗಮ್ಮನೂ ನೋಡಿದರು. ಒಂದು ತುತ್ತು ಉಪ್ಪಿಟ್ಟು ಹಾಕಿಕೊಂಡು ಬಾಯಿ ಮುಚ್ಚಿದೆ.